‘ಸ್ಟಾಪ್’ ಅನ್ನುವವರೆಗೆ ಏಳಬಾರದು

ಹೋದ ವಾರ ನಮ್ಮ ಆಫೀಸಿನ ಹೊರಗೆ ಪೊಲೀಸನೊಬ್ಬ ಯಾವನೋ ಸೈಕಲ್ ಸವಾರನನ್ನು ನಿಲ್ಲಿಸಲು ಸೀಟಿ ಊದಿದ. ಸೀಟಿಯ ಸದ್ದು ನಿಂತಾಗ ನಾನು ಮೇಜಿನ ಕೆಳಗಿದ್ದೆ. ಅಲ್ಲಿಗೆ ಯಾವಾಗ ಇಳಿದೆನೋ ನನಗೇ ಗೊತ್ತಿಲ್ಲ. ಪಕ್ಕದ ಮೇಜಿನವರು ಬಗ್ಗಿ ನೋಡಿ, “ಏನ್ ಸಾರ್, ಮತ್ತೆ ಪಿನ್ ಬಿತ್ತಾ?” ಎಂದರು. ಹೌದು ಎಂದೆ. ಈ ಎಂಟು ವರ್ಷಗಳಲ್ಲಿ ನಾನು ಎಷ್ಟು ಸಲ ಹೀಗೆ ಪಿನ್ ಹುಡುಕಿದ್ದೇನೆಂದರೆ, ಸರ್ಕಾರದ ಒಂದು ಪಿನ್ನೂ ಹಾಳಾಗಲು ಬಿಡದ ಮನುಷ್ಯನೆಂದು ಆಫೀಸಿನಲ್ಲಿ ನನಗೆ ಹೆಸರು ಬಂದಿದೆ.

ನನಗೆ ಈ ಕೆಲಸ ಸಿಗುವಂತೆ ಮಾಡಿದವರೂ, ಸೀಟಿ ಕೇಳಿದರೆ ಮೇಜಿನ ಕೆಳಗೆ ತೂರುವಂತೆ ಮಾಡಿದವರೂ ಒಬ್ಬರೇ. ಜಯನಗರದ ನಮ್ಮ ಟೈಪಿಂಗ್ ಮೇಷ್ಟ್ರು. ಹೋದ ತಿಂಗಳು ತೀರಿಕೊಂಡರು. ಅವರ ಹೆಸರು ಬರೆಯುವುದಿಲ್ಲ. ಬರೆದರೆ ಅವರ ಹೆಸರಿನ ಹಿಂದೆ ಎರಡು ಸ್ಪೇಸ್ ಬಿಟ್ಟೆನೋ ಒಂದು ಬಿಟ್ಟೆನೋ ಎಂದು ಈಗಲೂ ಎಣಿಸಿ ನೋಡುತ್ತೇನೆ.

ನಾನು ಬಿ.ಎ. ಮುಗಿಸಿ ಸಿದ್ದಾಪುರದ ನಮ್ಮ ಮನೆಯ ಜಗಲಿಯ ಮೇಲೆ ಕೂತಿದ್ದ ಕಾಲ ಅದು. ನಮ್ಮ ಹೊಲಗಳೆಲ್ಲ ಲೇಔಟಿಗೆ ಹೋಗಿದ್ದವು. ರಾಗಿ ಬೆಳೆಯುತ್ತಿದ್ದ ಅಪ್ಪ ಎರಡು ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟು, ಬಾಡಿಗೆಯವರ ಮುಂದೆ ಮಗನ ಡಿಗ್ರಿಯ ಮಾತಾಡುತ್ತಿದ್ದ. ಆ ಬಾಡಿಗೆಯವರೇ ಒಂದು ದಿನ, “ಬರೀ ಬಿ.ಎ.ಗೆ ಯಾರ್ ಸ್ವಾಮಿ ಕೆಲಸ ಕೊಡ್ತಾರೆ? ಟೈಪಿಂಗ್ ಬರಬೇಕು” ಎಂದುಬಿಟ್ಟರು. ಅಪ್ಪ ಒಳಗೆ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದ.

“ನಾಕು ವರ್ಸ ಕಾಲೇಜ್ಗೆ ಓಗಿದ್ಯಲ್ಲ, ಅಲ್ಲಿ ಅದೊಂದ್ ಬಿಟ್ಟು ಎಲ್ಲಾ ಹೇಳ್ಕೊಟ್ರಾ?”

ಮಾರನೆಯ ದಿನ ಜಯನಗರಕ್ಕೆ ಹೋದೆ. ಆಗಿನ ಜಯನಗರವೆಂದರೆ ಸೈಟುಗಳ ಮೂಲೆಗಳಲ್ಲಿ ನೆಟ್ಟ ಕಲ್ಲುಗಳು, ನಡುವೆ ಅಲ್ಲೊಂದು ಇಲ್ಲೊಂದು ಮನೆ, ಮಿಕ್ಕಂತೆ ಲಂಟಾನ ಪೊದೆ. ಒಂದು ಖಾಲಿ ಸೈಟಿನ ಹಿಂಭಾಗದಲ್ಲಿ ಹೆಂಚಿನ ಶೆಡ್ಡು. ಒಳಗೆ ಆರು ಟೈಪ್‌ರೈಟರ್, ಆರು ಸ್ಟೂಲು, ಒಂದು ಮೇಜು. ಮೇಜಿನ ಹಿಂದೆ ಪಂಚೆಯ ಮೇಲೆ ಕರಿ ಕೋಟು ತೊಟ್ಟು ನೆಟ್ಟಗೆ ಕೂತಿದ್ದ ಸಣ್ಣ ಆಳು. ಅವರು ಮಾತಾಡುವಾಗ ಕೈಯ ಬೆರಳುಗಳು ಮೇಜಿನ ಮೇಲೆ ಸುಮ್ಮನೆ ಆಡುತ್ತಿದ್ದವು. ತಾವಾಡುವ ಮಾತನ್ನೆಲ್ಲ ಅವರು ಅಲ್ಲೇ ಟೈಪ್ ಮಾಡಿಕೊಳ್ಳುತ್ತಿದ್ದಾರೆಂದು ಆಮೇಲೆ ತಿಳಿಯಿತು.

“ಟೈಪಿಂಗ್ ಏನು ದೊಡ್ಡದಲ್ಲಪ್ಪ,” ಎಂದರು. “ಕೋತಿಗೂ ಕಲಿಸಬಹುದು. ಆದ್ರೆ ಕೋತಿಗೆ ಯಾರೂ ಕೆಲಸ ಕೊಡಲ್ಲ. ಯಾಕೆ?”

ನಾನು ಬಿ.ಎ. ಓದಿದವನು. ಯೋಚಿಸಿ, “ಅದಕ್ಕೆ ಇಂಗ್ಲಿಷ್ ಬರಲ್ಲ ಸಾರ್” ಎಂದೆ.

“ಅಲ್ಲ. ಮಧ್ಯದಲ್ಲಿ ಎದ್ದು ಹೋಗುತ್ತೆ.”

ಅವರ ವಿದ್ಯೆಯೆಲ್ಲ ಇಷ್ಟೇ. ಟೈಪಿಂಗ್ ಅದಕ್ಕೊಂದು ನೆಪ. ಕೆಲಸ ಕೊಡುವವನು ನೋಡುವುದು ಬೆರಳನ್ನಲ್ಲ, ಮನುಷ್ಯನನ್ನು ಎಂದು ಅವರು ನಂಬಿದ್ದರು. ಆ ಮನುಷ್ಯನನ್ನು ತಯಾರು ಮಾಡಲು ದಿನಕ್ಕೆ ಅರ್ಧ ಗಂಟೆ ಮೀಸಲು. ಮೊದಲ ವಾರವೆಲ್ಲ ನಾನು ಯಂತ್ರವನ್ನು ಮುಟ್ಟಲೇ ಇಲ್ಲ, ಬಾಗಿಲು ತಟ್ಟಿದೆ. ನಡುಬೆರಳ ಗೆಣ್ಣಿನಲ್ಲಿ ಎರಡೇ ಸಲ ತಟ್ಟಬೇಕು. ಒಂದು ಸಲ ತಟ್ಟಿದರೆ ಹಲ್ಲಿ ಅಂದ್ಕೋತಾರೆ, ಮೂರು ಸಲ ತಟ್ಟಿದರೆ ಪೊಲೀಸು ಅಂದ್ಕೋತಾರೆ ಎನ್ನುತ್ತಿದ್ದರು. ಶೆಡ್ಡಿಗೆ ಬಾಗಿಲು ಇರಲಿಲ್ಲವಾದ್ದರಿಂದ ಚೌಕಟ್ಟನ್ನೇ ತಟ್ಟುತ್ತಿದ್ದೆವು.

ಆಮೇಲೆ ಬೈಸಿಕೊಳ್ಳುವ ಅಭ್ಯಾಸ. ಮೇಷ್ಟ್ರು ಸಾಹೇಬರಾಗಿ ಕೂತು ವಿನಾಕಾರಣ ಗದರುತ್ತಿದ್ದರು. ನಾವು ಎದುರಿಗೆ ನಿಂತು ಕೇಳಬೇಕು.

“ಎಲ್ಲಿ ನೋಡ್ತಿದೀಯ?”

“ನೆಲ ಸಾರ್.”

“ನೆಲ ನೋಡಿದ್ರೆ ತಪ್ಪು ಮಾಡಿದೀಯ ಅಂತ ಅರ್ಥ. ಕಣ್ಣು ನೋಡಿದ್ರೆ ಕೊಬ್ಬು ಅಂತ ಅರ್ಥ. ಬಲಗಿವಿ ನೋಡು. ಬಲಗಿವಿ ನೋಡಿಸ್ಕೊಂಡವನಿಗೆ ಯಾವತ್ತೂ ಜಾಸ್ತಿ ಹೊತ್ತು ಸಿಟ್ಟು ನಿಲ್ಲಲ್ಲ.”

ಇದು ನಿಜ. ನನ್ನ ಇಂಟರ್‌ವ್ಯೂನಲ್ಲಿ ಸಾಹೇಬರು, “ಬಿ.ಎ.ನಲ್ಲಿ ಥರ್ಡ್ ಕ್ಲಾಸು, ನಾಚಿಕೆ ಆಗಲ್ವಾ?” ಎಂದು ಶುರು ಮಾಡಿದರು. ನಾನು ಬಲಗಿವಿಯನ್ನೇ ನೋಡುತ್ತ ನಿಂತೆ. ಸ್ವಲ್ಪ ಹೊತ್ತಿಗೆ ಅವರು ಕಿವಿಯನ್ನು ಮುಟ್ಟಿ ನೋಡಿಕೊಂಡರು, ಕರ್ಚೀಫಿನಿಂದ ಒರೆಸಿಕೊಂಡರು, ಮಾತು ಮರೆತರು, ಸೋಮವಾರದಿಂದ ಬಾ ಎಂದರು.

ಇಷ್ಟೆಲ್ಲ ಕಲಿಸುವ ಮೇಷ್ಟ್ರು ಒಂದು ದಿನವೂ ಯಾವ ಆಫೀಸಿನಲ್ಲೂ ಕೆಲಸ ಮಾಡಿದವರಲ್ಲ. ಇದು ನಮ್ಮಲ್ಲೇ ಚುರುಕಾಗಿದ್ದ ಸರೋಜ ಎಂಬ ಹುಡುಗಿ ಕೆದಕಿ ತೆಗೆದ ಸಂಗತಿ. ವಿಲ್ಸನ್ ಗಾರ್ಡನ್ನಿಂದ ನಡೆದು ಬರುತ್ತಿದ್ದಳು. ಏನನ್ನೂ ನೇರವಾಗಿ ಕೇಳುವವಳು.

“ನೀವ್ ಯಾಕೆ ಸಾರ್ ಕೆಲಸಕ್ಕೆ ಸೇರಲಿಲ್ಲ?”

ಮೇಷ್ಟ್ರ ಬೆರಳುಗಳು ಮೇಜಿನ ಮೇಲೆ ನಿಂತವು. ಹರೆಯದಲ್ಲಿ ಒಂದೇ ಒಂದು ಕಡೆ ಕರೆದಿದ್ದರಂತೆ. ಸ್ಪೀಡ್ ಟೆಸ್ಟು. ಎಲ್ಲರಿಗಿಂತ ಮುಂದಿದ್ದರಂತೆ. ಆಗ ಸೂರಿನಿಂದ ಒಂದು ಹಲ್ಲಿ ಬಿದ್ದು ಕೀಲಿಗಳ ಮೇಲೆ ಓಡಿತು. ಮೇಷ್ಟ್ರು ಕಿರುಚಿಕೊಂಡು ಸ್ಟೂಲು ಹತ್ತಿದರು.

“ಪಕ್ಕದೋನು ಹಲ್ಲೀನೂ ನೋಡಲಿಲ್ಲಮ್ಮ, ನನ್ನೂ ನೋಡಲಿಲ್ಲ. ಹೊಡೀತಾನೇ ಇದ್ದ. ಅವನಿಗೆ ಸಿಕ್ತು.”

ಹೀಗೆ ಹುಟ್ಟಿದ್ದು ಅವರ ಏಕಾಗ್ರತೆಯ ಪಾಠ. ಪ್ರತಿ ಗುರುವಾರ ಹತ್ತು ನಿಮಿಷದ ಸ್ಪೀಡ್ ಟೆಸ್ಟು. ಅವರು ‘ಸ್ಟಾರ್ಟ್’ ಎಂದ ಮೇಲೆ ಅವರೇ ‘ಸ್ಟಾಪ್’ ಎನ್ನುವವರೆಗೆ ಕಣ್ಣು ಕಾಗದದಿಂದ, ಕೈ ಕೀಲಿಯಿಂದ ಏಳಬಾರದು. ಆ ಹತ್ತು ನಿಮಿಷದಲ್ಲಿ ನಮ್ಮನ್ನು ಎಬ್ಬಿಸಲು ಯಾರನ್ನಾದರೂ ಕರೆಸುತ್ತಿದ್ದರು. ಒಂದು ವಾರ ಸೊಪ್ಪಿನವಳು ಬಂದು ನಮ್ಮ ನಮ್ಮ ಕಿವಿಯ ಬಳಿ ದಂಟು ಕೊತ್ತಂಬರಿ ಕೂಗಿದಳು. ಇನ್ನೊಂದು ವಾರ ಎದುರು ಮನೆಯ ನಿವೃತ್ತ ಹೆಡ್ಮಾಸ್ಟರು ತಟ್ಟೆ ಬಡಿದರು. ಒಮ್ಮೆ ಮೇಷ್ಟ್ರ ಹೆಂಡತಿಯೇ ಓಡಿಬಂದು, “ಅಯ್ಯೋ ಬನ್ರೋ, ಮನೆಗೆ ಬೆಂಕಿ ಬಿದ್ದಿದೆ” ಎಂದು ಅತ್ತರು. ನಾವು ಆರು ಜನವೂ ಹೊಡೆಯುತ್ತಲೇ ಇದ್ದೆವು. ಆಕೆಗೆ ನಿಜವಾಗಿ ಅಳು ಬಂತು. “ಎಂಥಾ ಮಕ್ಕಳನ್ನ ತಯಾರು ಮಾಡ್ತಿದೀರ ನೀವು” ಎಂದು ಗಂಡನನ್ನು ಬೈದು ಹೋದರು. ಮೇಷ್ಟ್ರು ಆ ದಿನ ಎಲ್ಲರಿಗೂ ಕಾಫಿ ತರಿಸಿದರು.

ಶೆಡ್ಡಿನ ಹಿಂದೆ, ಲೇಔಟಿನ ರಸ್ತೆ ಹೋಗಬೇಕಾದ ಜಾಗದಲ್ಲೇ ಒಂದು ದೊಡ್ಡ ಬಂಡೆ ಇತ್ತು. ಕಲ್ಲೊಡೆಯುವವರು ಆಚೆ ತುದಿಯಿಂದ ಒಂದೊಂದೇ ಬಂಡೆ ಸಿಡಿಸುತ್ತ ನಮ್ಮತ್ತ ಬರುತ್ತಿದ್ದರು. ಬಂಡೆಗೆ ತೂತು ಕೊರೆದು, ಮದ್ದು ತುಂಬಿ, ಉದ್ದನೆಯ ಬತ್ತಿ ಇಟ್ಟು, ಸೀಟಿ ಊದಿ, ಎಲ್ಲರೂ ದೂರ ಹೋದ ಮೇಲೆ ಬತ್ತಿಗೆ ಬೆಂಕಿ ತಾಗಿಸುವುದು ಅವರ ಕ್ರಮ. ಅವರ ಮೇಸ್ತ್ರಿ ಕೆಂಪು ಬಾವುಟ ಹಿಡಿದು ಕೂಗುತ್ತ ಓಡಾಡುತ್ತಿದ್ದ ಎತ್ತರದ ಮನುಷ್ಯ. ಆ ಗಂಟಲು ಕೇಳಿ ಮೇಷ್ಟ್ರಿಗೆ ಬಾಯಲ್ಲಿ ನೀರೂರಿತು. ಒಂದು ಸೋಮವಾರ ನಮ್ಮೆದುರೇ ಅವನನ್ನು ಕರೆದು ಬೇಡಿಕೊಂಡರು.

“ನೀನೊಂದು ಗುರುವಾರ ಬಂದು ನನ್ನ ಶಿಷ್ಯರನ್ನ ಹೆದರಿಸಬೇಕಪ್ಪ. ಓಡಿ, ಸಾಯ್ತೀರಿ ಅಂತ ಕೂಗಬೇಕು.”

“ಯಾಕ್ ಸಾಮಿ?”

“ಅವರಿಗೆ ಕೆಲಸ ಸಿಗಲಿ ಅಂತ.”

ಮೇಸ್ತ್ರಿ ನಮ್ಮನ್ನೆಲ್ಲ ಮರುಕದಿಂದ ನೋಡಿ, “ಆಯ್ತು, ಪುರಸೊತ್ತಾದಾಗ ಬತ್ತೀನಿ” ಎಂದು ಹೋದ.

ಅದೇ ವಾರದ ಗುರುವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಮೇಷ್ಟ್ರು ‘ಸ್ಟಾರ್ಟ್’ ಎಂದರು. ನನಗೆ ಆ ದಿನದ ಟೆಸ್ಟು ಮುಖ್ಯವಾಗಿತ್ತು. ನಿಮಿಷಕ್ಕೆ ನಲವತ್ತೈದು ಪದ ದಾಟಿದರೆ ಪರೀಕ್ಷೆಗೆ ಕಟ್ಟಿಸುತ್ತೇನೆ ಎಂದಿದ್ದರು. ಮೂರನೆಯ ನಿಮಿಷಕ್ಕೆ ಹಿಂದೆಲ್ಲೋ ಸೀಟಿ ಕೇಳಿಸಿತು. ಯಾರೂ ತಲೆಯೆತ್ತಲಿಲ್ಲ. ನಾಲ್ಕನೆಯ ನಿಮಿಷಕ್ಕೆ ಮೇಸ್ತ್ರಿ ಬಾಗಿಲಿಗೆ ಬಂದ. ಓಡಿಬಂದ ಏದುಸಿರಿನಲ್ಲೂ ಪಾಠಶಾಲೆ ಎಂಬ ಮರ್ಯಾದೆಗೆ ಚಪ್ಪಲಿಯನ್ನು ಹೊಸ್ತಿಲ ಹೊರಗೆ ಬಿಟ್ಟು ಒಳಗೆ ಬಂದ.

“ಏಳ್ರಿ ಎಲ್ಲಾ, ಓಡ್ರಿ. ಹಿಂದ್ಗಡೆ ಬಂಡೆಗೆ ಬತ್ತಿ ಹಚ್ಚವ್ರೆ.”

ಆರು ಯಂತ್ರಗಳೂ ಇನ್ನಷ್ಟು ಜೋರಾದವು. ಮೇಷ್ಟ್ರು ಕೈಗಡಿಯಾರ ನೋಡಿಕೊಂಡು ನಗುತ್ತ, “ಭೇಷ್. ಇನ್ನೂ ಸ್ವಲ್ಪ ಮೇಲಿನ ದನಿ” ಎಂದರು.

“ಸಾಮಿ, ಆಟ ಅಲ್ಲ ಇದು. ಸೀಟಿ ಊದಿದ್ ಕೇಳಿಲ್ವಾ? ಒಳಗೆ ಜನ ಅವ್ರೆ ಅಂತ ನಂಗೇನ್ ಗೊತ್ತು, ಸೀಟಿಗೆ ಎದ್ದೋಗಿರ್ತೀರ ಅನ್ಕೊಂಡೆ. ಟಕಟಕ ಕೇಳಿ ಓಡ್ಬಂದೆ. ಬತ್ತಿ ಉರೀತಾ ಐತೆ.”

“ಸೀಟಿನೂ ಊದಿಸ್ದೆಯಾ? ನಾನು ಹೇಳೇ ಇರಲಿಲ್ಲ ಅದನ್ನ.”

“ನೀವ್ ಹೇಳಿದ್ದು ಬೇರೆ ಸಾಮಿ, ಇದು ಬೇರೆ.”

“ಹಾಗೇ ಹೇಳಬೇಕು. ನೋಡ್ರೋ, ಎಷ್ಟು ಸಹಜವಾಗಿ ಹೇಳ್ತಾನೆ. ಯಾರೂ ನೋಡಬೇಡಿ.”

ಮೇಸ್ತ್ರಿ ಒಬ್ಬ ಹುಡುಗನ ಸ್ಟೂಲು ಹಿಡಿದೆಳೆದ. ಹುಡುಗ ನಿಂತುಕೊಂಡು ಟೈಪ್ ಮಾಡಿದ. ಇನ್ನೊಬ್ಬನ ಭುಜ ಅಲುಗಿಸಿದ. ಅವನು ಅಲುಗಾಡುತ್ತಲೇ ಟೈಪ್ ಮಾಡಿದ. ಕೊನೆಗೆ ಮೇಸ್ತ್ರಿ ಮೇಷ್ಟ್ರ ಕಾಲಿಗೆ ಬಿದ್ದ. ಮೇಷ್ಟ್ರ ಕಣ್ಣು ಒದ್ದೆಯಾಯಿತು. “ಇಷ್ಟು ಶ್ರದ್ಧೆ ನಾನು ಯಾರಲ್ಲೂ ನೋಡಿಲ್ಲ” ಎಂದು ಅವನನ್ನು ಎಬ್ಬಿಸಿ ಬೆನ್ನು ತಟ್ಟಿದರು. ಮೇಸ್ತ್ರಿ ಒಮ್ಮೆ ಹಿಂದಿನ ಗೋಡೆಯ ಕಡೆ ನೋಡಿದ, ಒಮ್ಮೆ ನಮ್ಮನ್ನು ನೋಡಿದ, ಹೊರಗೆ ಹಾರಿ ಓಡಿದ.

ನನ್ನ ಸ್ಟೂಲು ಬಾಗಿಲ ಪಕ್ಕದಲ್ಲಿತ್ತು. ಕಾಗದದ ಅಂಚಿನಾಚೆ ನನಗೆ ಹೊಸ್ತಿಲು ಕಾಣುತ್ತಿತ್ತು. ಅಲ್ಲಿ ಎರಡು ಚಪ್ಪಲಿಗಳು ಹಾಗೇ ಇದ್ದವು. ಹೊರಗೆ ನೆಲವೆಲ್ಲ ಒಡೆದ ಕಲ್ಲಿನ ಚೂರು. ಆಟ ಆಡಲು ಬಂದವನು ಆ ಕಲ್ಲಿನ ಮೇಲೆ ಬರಿಗಾಲಲ್ಲಿ ಓಡುವುದಿಲ್ಲ. ಇದು ನನಗೆ ಹೊಳೆಯಿತು. ಪೂರ್ತಿ ಹೊಳೆಯಿತು. ಇದು ನಿಜ, ನಾವು ಸಾಯುತ್ತೇವೆ ಎಂದು ಸ್ಪಷ್ಟವಾಗಿ ತಿಳಿಯಿತು.

ಆಮೇಲೆ ನಾನು ಮಾಡಿದ್ದನ್ನು ಎಂಟು ವರ್ಷದಿಂದ ದಿನಕ್ಕೊಂದು ಸಲವಾದರೂ ನೋಡುತ್ತಿದ್ದೇನೆ. ನಾನು ಆ ಸಾಲನ್ನು ಮುಗಿಸಿದೆ.

ಸಾಲಿನ ಕೊನೆ ಹತ್ತಿರವಾದಾಗ ಟೈಪ್‌ರೈಟರು ಟಿಣ್ ಎನ್ನುತ್ತದೆ. ಟಿಣ್ ಎಂದಿತು. ಉಳಿದ ಐದಾರು ಅಕ್ಷರ ಹೊಡೆದೆ. ಒಂದು ಕಾಮಾ ಹಾಕಿದೆ. ಕಾಗದ ಹೊತ್ತ ಕ್ಯಾರೇಜನ್ನು ಎಡದಿಂದ ತಳ್ಳಿ ಮುಂದಿನ ಸಾಲಿಗೆ ತಂದು ನಿಲ್ಲಿಸಿದೆ. ಆಮೇಲೆ ಎದ್ದೆ.

“ಸಾರ್, ಚಪ್ಪಲಿ.”

“ಕೂತ್ಕೋ. ನಲವತ್ತೇಳರಲ್ಲಿದ್ದೆ ನೀನು.”

“ಸಾರ್, ಚಪ್ಪಲಿ ಬಿಟ್ಟು ಓಡಿದಾನೆ.”

ಮೇಷ್ಟ್ರು ಹೊಸ್ತಿಲು ನೋಡಿದರು. ಅವರ ಮುಖದ ಬಣ್ಣ ಇಳಿದದ್ದನ್ನು ನಾನು ಅವರ ಬಲಗಿವಿಯಲ್ಲಿ ನೋಡಿದೆ. “ಸ್ಟಾಪ್” ಎಂದರು.

ಎಲ್ಲರೂ ನಿಲ್ಲಿಸಿದರು ಎಂದುಕೊಂಡೆ. ಆದರೆ ನಮಗೆ ಕಲಿಸಿದ್ದು ಬರೀ ನಿಲ್ಲಿಸುವುದನ್ನಲ್ಲ. ನಿಲ್ಲಿಸಿದ ಮೇಲೆ ಕಾಗದ ತೆಗೆಯಬೇಕು, ಅಂಚು ಸರಿಮಾಡಬೇಕು, ಯಂತ್ರಕ್ಕೆ ರೆಕ್ಸಿನ್ ಕವರು ಹೊದಿಸಬೇಕು, ಸ್ಟೂಲನ್ನು ಒಳಗೆ ಸರಿಸಬೇಕು. ನಾಲ್ಕು ಜನ ಸಮಾಧಾನವಾಗಿ ಕವರು ಹೊದಿಸತೊಡಗಿದರು. ಒಬ್ಬ ಅದರ ಸುಕ್ಕು ಬಿಡಿಸುತ್ತಿದ್ದ.

“ಕವರ್ ಬೇಡ,” ಎಂದು ಮೇಷ್ಟ್ರು ಅರಚಿದರು. “ಬಾಗಿಲು ಬಾಗಿಲು.”

ಅಂಥ ಮಾತು ಅವರ ಬಾಯಿಂದ ಕೇಳಿ ಹೆದರಿಯೇ ಎಲ್ಲರೂ ಓಡಿದರು. ಹೊರಗೆ ಬಂದು ನೋಡಿದರೆ ಶಿಷ್ಯರು ಐದೇ ಜನ. ಒಳಗೆ ಒಂದು ಯಂತ್ರ ಇನ್ನೂ ಟಕಟಕ ಎನ್ನುತ್ತಿತ್ತು. ಸರೋಜ. ಹಿಂದಿನ ವಾರದ ತಟ್ಟೆ ಬಡಿತಕ್ಕೆ ಒಂದು ತಪ್ಪು ಮಾಡಿದ್ದಳಾದ್ದರಿಂದ ಆ ದಿನ ಕಿವಿಗೆ ಹತ್ತಿ ಇಟ್ಟುಕೊಂಡು ಬಂದಿದ್ದಳು. ಸ್ಟಾಪೂ ಕೇಳಿಸಿರಲಿಲ್ಲ, ಬಾಗಿಲೂ ಕೇಳಿಸಿರಲಿಲ್ಲ.

ಮೇಷ್ಟ್ರು ಒಳಗೆ ಓಡಿದರು. ನಾನು ಬಾಗಿಲ ಚೌಕಟ್ಟಿನಾಚೆಗೆ ನೋಡುತ್ತಿದ್ದೆ. ಕಾಲು ಒಳಗೆ ಹೋಗಲಿಲ್ಲ. ಅವರು ಕೂಗಿದರು, ಅವಳ ಮುಂದೆ ಕೈ ಆಡಿಸಿದರು. ತಯಾರಿ ಎಂಥದ್ದೆಂದರೆ ಅವಳು ರೆಪ್ಪೆ ಹೊಡೆಯಲಿಲ್ಲ. ಕೊನೆಗೆ ಅವರು ಅವಳ ಯಂತ್ರದಿಂದ ಕಾಗದವನ್ನು ಸರ್ರನೆ ಕಿತ್ತರು. ಅವಳು ಹೌಹಾರಿ ಎದ್ದಳು.

“ಸಾರ್, ಒಂದೂ ತಪ್ಪಿರಲಿಲ್ಲ ಅದರಲ್ಲಿ.”

ಅವಳ ಜಡೆಯನ್ನೋ ತೋಳನ್ನೋ ಹಿಡಿದು ಎಳೆದುಕೊಂಡು ಬಂದರು. ಲಂಟಾನ ಪೊದೆಯ ಆಚೆಗಿನ ಚರಂಡಿಗೆ ಏಳೂ ಜನ ಒಬ್ಬರ ಮೇಲೊಬ್ಬರು ಬಿದ್ದೆವು. ಸದ್ದನ್ನು ನಾನು ವರ್ಣಿಸಲಾರೆ. ಅದು ಕಿವಿಗೆ ಕೇಳಿಸಲಿಲ್ಲ, ಹಲ್ಲುಗಳಿಗೆ ಕೇಳಿಸಿತು. ಹೆಂಚುಗಳು ಸುರಿದವು. ಬಹಳ ಹೊತ್ತಿನ ಮೇಲೆ, ಧೂಳು ಇಳಿದಾಗ ಹೋಗಿ ನೋಡಿದೆವು. ನನ್ನ ಸ್ಟೂಲಿನ ಮೇಲೆ ಸೂರು ಒಡೆದುಕೊಂಡು ಬಂದ ಒಂದು ಕಲ್ಲು ಕೂತಿತ್ತು. ಮೇಷ್ಟ್ರು ನಮಗೆ ದಿನಾ ಹೇಳುತ್ತಿದ್ದ ಹಾಗೆ, ನೆಟ್ಟಗೆ, ಬೆನ್ನು ಬಗ್ಗಿಸದೆ.

ಮೇಷ್ಟ್ರು ನಮ್ಮ ತಲೆಗಳನ್ನು ಮುಟ್ಟಿ ಮುಟ್ಟಿ ಎಣಿಸಿದರು. ಆರು ಬಂತು. ನಂಬದೆ ಇನ್ನೊಮ್ಮೆ ಎಣಿಸಿದರು. ಮೇಸ್ತ್ರಿ ಕುಂಟುತ್ತ ಬಂದು ಚಪ್ಪಲಿ ಮೆಟ್ಟಿಕೊಂಡು, “ಇನ್ನೊಂದ್ ಸಲ ಕರೀಬ್ಯಾಡಿ ಸಾಮಿ, ನಾನ್ ಬರಲ್ಲ” ಎಂದು ಹೇಳಿ ಹೋದ.

ನಾಲ್ಕು ದಿನ ಕ್ಲಾಸು ಇರಲಿಲ್ಲ. ಐದನೆಯ ದಿನ ಕರೆಸಿದರು. ಕೈ ನಡುಗುತ್ತಿದ್ದುದರಿಂದ ಅವರಿಗೆ ಟೈಪ್ ಮಾಡಲು ಆಗುತ್ತಿರಲಿಲ್ಲ. ನಮ್ಮ ನಮ್ಮ ತಂದೆಯರಿಗೆ ಒಂದೊಂದು ಕಾಗದವನ್ನು ನಾವೇ ಟೈಪ್ ಮಾಡಿಕೊಳ್ಳಬೇಕೆಂದು, ಒಬ್ಬೊಬ್ಬರನ್ನೇ ಕೂರಿಸಿ ಹೇಳಿ ಬರೆಸಿದರು. ಅವರಿಗೆ ಆಫೀಸಿನ ಕಾಗದ ಬಿಟ್ಟು ಬೇರೆ ಬಗೆಯ ಕಾಗದ ಗೊತ್ತಿರಲಿಲ್ಲ. ಇಂಗ್ಲಿಷಿನಲ್ಲಿದ್ದ ಅದನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ:

“ಮಾನ್ಯರೇ, ತಮ್ಮ ಮಗನ ವಿಷಯವಾಗಿ ತಮ್ಮ ಅಮೂಲ್ಯ ಗಮನಕ್ಕೆ ತರಬಯಸುವುದೇನೆಂದರೆ, ಕಳೆದ ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆಯ ಸುಮಾರಿಗೆ ನಾನು ಸದರಿಯವರನ್ನು ಬಹುಮಟ್ಟಿಗೆ ಕೊಂದಿರುತ್ತೇನೆ. ಇದರಿಂದ ತಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇನೆ. ಸದರಿಯವರನ್ನು ಮುಂದೆ ನನ್ನಲ್ಲಿಗೆ ಕಳುಹಿಸುವ ಅಥವಾ ಕಳುಹಿಸದಿರುವ ತಮ್ಮ ತೀರ್ಮಾನವನ್ನು ತಿಳಿಸಬೇಕಾಗಿ ಪ್ರಾರ್ಥನೆ.”

ಎಲ್ಲರ ಕಾಗದವೂ ಅಲ್ಲಿಗೆ ಮುಗಿದಿತ್ತು. ನನ್ನದಕ್ಕೆ ಮಾತ್ರ ಅವರು, “ಇನ್ನೊಂದು ಪ್ಯಾರಾ ಇದೆ, ಹೊಡಿ” ಎಂದರು. ಹೊಡೆದೆ.

“ಚಪ್ಪಲಿಯನ್ನು ಗಮನಿಸಿ ನಮ್ಮೆಲ್ಲರನ್ನೂ ಉಳಿಸಿದವರು ತಮ್ಮ ಮಗ. ಆದರೆ ಅಪಾಯ ತಿಳಿದ ಮೇಲೂ ಅವರು ಸಾಲನ್ನು ಮುಗಿಸಿಯೇ ಎದ್ದರು. ಸಾಲಿನ ಕೊನೆಯ ಗಂಟೆಯ ಸದ್ದು ನನಗೆ ಕೇಳಿಸಿತು. ಹಾಗೆ ಮಾಡುವಂತೆ ಅವರನ್ನು ಕೆಡಿಸಿದವನು ನಾನು. ಇದಕ್ಕೆ ತಮ್ಮ ಕ್ಷಮೆ ಬೇಡುತ್ತೇನೆ.”

ನಾನು ಮೊದಲ ಸಲ ಕೀಲಿಗಳನ್ನು ನೋಡಿಕೊಂಡು ಟೈಪ್ ಮಾಡಿದೆ. ಮೇಷ್ಟ್ರು ಬೇಡವೆನ್ನಲಿಲ್ಲ.

ಅಪ್ಪನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಜಗಲಿಯ ಮೇಲೆ ಕೂತು, “ಓದಿ ಹೇಳ್ಲಾ” ಎಂದ. ಓದಿ ಕನ್ನಡದಲ್ಲಿ ಹೇಳುತ್ತ ಹೋದೆ. ಕೊಂದಿರುತ್ತೇನೆ ಎಂಬಲ್ಲಿ ಅಪ್ಪನ ಕೈಯ ಎಲೆಅಡಿಕೆ ಹಾಗೇ ನಿಂತಿತು. ಎಲ್ಲರನ್ನೂ ಉಳಿಸಿದವರು ತಮ್ಮ ಮಗ ಎಂಬಲ್ಲಿಗೆ ಬಂದಾಗ ಅವನ ಮುಖ ಅರಳಿತು. ನಾನು ಅಲ್ಲಿಗೆ ನಿಲ್ಲಿಸಿ, “ಇಂತಿ ತಮ್ಮ ವಿಧೇಯ” ಎಂದೆ.

ಅಪ್ಪ ಕಾಗದ ಇಸಿದುಕೊಂಡು ನೋಡಿದ. “ಅದ್ರ ಕೆಳಗೆ ಇನ್ನೂ ಮೂರ್ನಾಕು ಸಾಲು ಐತಲ್ಲ?”

“ಇಂಗ್ಲಿಷ್ ಹಂಗೇ ಅಪ್ಪ. ಜಾಗ ಜಾಸ್ತಿ ತಗೊಳುತ್ತೆ.”

“ತಗೊಳ್ಲಿ ಬಿಡು,” ಎಂದು ಅಪ್ಪ ಕಾಗದ ಮಡಿಸಿ ಜೇಬಿಗಿಟ್ಟುಕೊಂಡ. “ನಾಳೆಯಿಂದ ಓಗು. ತಪ್ಪು ಒಪ್ಕಳೋ ಮೇಷ್ಟ್ರು ಸಿಗಲ್ಲ.”

ಮಾರನೆಯ ದಿನ ಮೇಷ್ಟ್ರು ನನ್ನನ್ನು ಪಕ್ಕಕ್ಕೆ ಕರೆದರು.

“ತಂದೆಯವರಿಗೆ ಓದಿ ಹೇಳಿದ್ಯಾ?”

“ಹೇಳಿದೆ ಸಾರ್.”

“ಪೂರ್ತಿ?”

“ಪೂರ್ತಿ ಸಾರ್.”

“ಏನಂದ್ರು?”

“ನಾಳೆಯಿಂದ ಹೋಗು ಅಂದ್ರು.”

“ದೊಡ್ಡ ಮನುಷ್ಯರು” ಎಂದರು ಮೇಷ್ಟ್ರು.

ಅಂದಿನಿಂದ ಅವರು ಅಪ್ಪನನ್ನು ಎಲ್ಲಿ ಕಂಡರೂ ಎದ್ದು ಎರಡೂ ಕೈ ಜೋಡಿಸಿ ನಿಲ್ಲುತ್ತಿದ್ದರು. ಬಸ್ ಸ್ಟಾಪಿನಲ್ಲಿ, ತರಕಾರಿ ಅಂಗಡಿಯಲ್ಲಿ, ಒಮ್ಮೆ ಸೆಲೂನಿನಲ್ಲಿ ಮುಖದ ಅರ್ಧಕ್ಕೆ ಸೋಪು ಹಚ್ಚಿಸಿಕೊಂಡು ಕೂತಿದ್ದವರು ಹಾಗೇ ಎದ್ದು ನಿಂತರಂತೆ. ಅಪ್ಪ ಅದನ್ನು ಸಲ್ಲಬೇಕಾದ ಮರ್ಯಾದೆಯೆಂದೇ ಸ್ವೀಕರಿಸಿ, “ಇರ್ಲಿ ಕುಂತ್ಕಳಿ ಮೇಷ್ಟ್ರೇ, ನಮ್ ಹುಡ್ಗ ಮಾಡಿದ್ದು ಏನ್ ಮಹಾ, ಮರ್ತ್ಬಿಡಿ ಅದನ್ನ” ಎನ್ನುತ್ತಿದ್ದ. ಅದನ್ನು ಕೇಳಿ ಮೇಷ್ಟ್ರು ಇನ್ನೂ ಬಗ್ಗುತ್ತಿದ್ದರು. ಪಕ್ಕದಲ್ಲಿ ನಿಂತು ನಾನು ಯಾರ ಕಿವಿಯನ್ನು ನೋಡಬೇಕೆಂದು ತಿಳಿಯದೆ ಒದ್ದಾಡುತ್ತಿದ್ದೆ.

ಅವರು ತೀರಿಕೊಂಡ ದಿನ ಅಪ್ಪನೂ ನಾನೂ ಒಟ್ಟಿಗೇ ಹೋದೆವು. ಸರೋಜ ಬಂದಿದ್ದಳು. ಈಗ ಅವಳು ದೊಡ್ಡ ಆಫೀಸೊಂದರಲ್ಲಿ ಸ್ಟೆನೋ. ಅಪ್ಪ ಪಾರ್ಥಿವ ಶರೀರದ ಮುಂದೆ ನಿಂತು, “ಎಂಟು ವರ್ಸ ನಂಗೆ ಕೈ ಮುಗುದ್ರು. ಮಗನ ಉಪಕಾರಕ್ಕೆ ಅಪ್ಪಂಗೆ ಕೈ ಮುಗ್ಯೋರು ಎಲ್ಲವ್ರೆ” ಎಂದು ತಾನು ಕೈ ಮುಗಿದ. ನಾನೂ ಮುಗಿದೆ. ಅಪ್ಪ ಹೊರಗೆ ಹೋದ ಮೇಲೂ ನಾನು ಅಲ್ಲೇ ನಿಂತಿದ್ದೆನಂತೆ. ಸರೋಜ ಬಂದು ತೋಳು ಮುಟ್ಟಿದಳು.

ಬಸ್ ಸ್ಟಾಪಿನಲ್ಲಿ ಅಪ್ಪ, “ಅಷ್ಟೊತ್ತು ಏನ್ ಹೇಳ್ಕಂತಿದ್ಯೋ ಅವ್ರಿಗೆ?” ಎಂದು ಕೇಳಿದ.

ಕಾಗದದ ಆ ಮೂರ್ನಾಲ್ಕು ಸಾಲನ್ನು ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಬಸ್ಸು ಬಂತು. ಅಪ್ಪ ಮುಂದೆ ಹೋಗಿ ಕೂತ. ಪಕ್ಕದಲ್ಲಿ ಜಾಗವಿದ್ದರೂ ನಾನು ಹಿಂದಿನ ಸೀಟಿನಲ್ಲಿ ಕೂತೆ.